ಮೇರೆಯನ್ನರಿತ ನ್ಯಾಯವೇತ್ತ: ಬೆನಗಲ್ ನರಸಿಂಗರಾಯರು

ಅಧಿಕಾರವನ್ನು ಪಡೆಯುವುದು ಪುರುಷಪ್ರಯತ್ನಕ್ಕೂ ದೈವಾನುಕೂಲಕ್ಕೂ ಸೇರಿದ ವಿಷಯ. ಪಡೆದ ಅಧಿಕಾರವನ್ನು ಧರ್ಮದಿಂದ ನಡೆಸುವುದು ಶೀಲಕ್ಕೆ ಸೇರಿದುದು. ಆದರೆ ತಮಗೂ ತಮ್ಮ ವೃತ್ತಿಯವರಿಗೂ ಸಲ್ಲಬಹುದಾಗಿದ್ದ ಅಧಿಕಾರವೊಂದನ್ನು, ಅದು ಕೈಗೆ ಬರುವ ಮೊದಲೇ, ತಮ್ಮದಲ್ಲವೆಂದು ಬಗೆದು ದೂರ ಸರಿಸುವವರು ವಿರಳರಲ್ಲಿ ವಿರಳರು. ಭಾರತದ ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿಕೊಟ್ಟ ಬೆನಗಲ್ ನರಸಿಂಗರಾಯರು ಅಂಥವರಲ್ಲಿ ಒಬ್ಬರು. ಅವರು ಸ್ವತಃ ನ್ಯಾಯಾಧೀಶರು. ಜೀವಿತದ ಬಹುಭಾಗವನ್ನು ನ್ಯಾಯಪೀಠದಲ್ಲಿಯೂ ಕಾನೂನಿನ ಗ್ರಂಥಗಳ ನಡುವೆಯೂ ಕಳೆದವರು. ಅಂಥವರೇ ಗಣರಾಜ್ಯದಲ್ಲಿ ನ್ಯಾಯಾಧೀಶನ ಅಧಿಕಾರಕ್ಕೆ ಒಂದು ಮೇರೆ ಇರಬೇಕೆಂದು ವಾದಿಸಿ, ಆ ಮೇರೆಯನ್ನು ಸಂವಿಧಾನದ ಅಕ್ಷರಗಳಲ್ಲಿಯೇ ಮೂಡಿಸಲು ಕಾರಣರಾದರು. ಅವರ ಎಣಿಕೆ ಎಷ್ಟು ಮಟ್ಟಿಗೆ ಸರಿಯಾಗಿತ್ತು, ಎಲ್ಲಿ ತಪ್ಪಿತು ಎಂಬ ಪ್ರಶ್ನೆ ಅವರು ಕಾಲವಾಗಿ ಏಳು ದಶಕಗಳು ಕಳೆದರೂ ಜೀವಂತವಾಗಿಯೇ ಉಳಿದಿದೆ. ಆದಕಾರಣ ಅವರ ಚರಿತ್ರೆ ಒಬ್ಬ ಮಹನೀಯರ ಚರಿತ್ರೆಯಷ್ಟೇ ಅಲ್ಲ, ಒಂದು ವಿಚಾರದ ಚರಿತ್ರೆಯೂ ಆಗಿದೆ.

ನರಸಿಂಗರಾಯರು 1887ನೆಯ ಇಸವಿ ಫೆಬ್ರವರಿ 26ರಂದು ಮಂಗಳೂರಿನಲ್ಲಿ ಸಾರಸ್ವತ ಮನೆತನವೊಂದರಲ್ಲಿ ಜನ್ಮತಾಳಿದರು. ತಂದೆ ಬೆನಗಲ್ ರಾಘವೇಂದ್ರರಾಯರು ವೈದ್ಯರು. ಆ ಮನೆಯ ಮಕ್ಕಳೆಲ್ಲರೂ ಒಂದಲ್ಲ ಒಂದು ಬಗೆಯಲ್ಲಿ ದೇಶಕ್ಕೆ ಸಂದವರೇ. ಸಹೋದರರಲ್ಲಿ ಬೆನಗಲ್ ರಾಮರಾಯರು ಮುಂದೆ ರಿಸರ್ವ್ ಬ್ಯಾಂಕಿನ ಗವರ್ನರರಾದರು. ಶಿವರಾಯರು ಪತ್ರಿಕೋದ್ಯಮಿಗಳಾಗಿ ಹೆಸರಾಗಿ, ಸಂವಿಧಾನ ರಚನಾ ಸಭೆಯ ಸದಸ್ಯರೂ ಆದರು. ನರಸಿಂಗರಾಯರ ಪ್ರೌಢವ್ಯಾಸಂಗ ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ನಡೆಯಿತು. ತರುವಾಯ ಮದರಾಸು ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್, ಭೌತಶಾಸ್ತ್ರ, ಸಂಸ್ಕೃತಗಳೆಂಬ ಮೂರು ವಿಷಯಗಳಲ್ಲಿಯೂ ಪ್ರಥಮ ದರ್ಜೆ ಪಡೆದರು. ಬಳಿಕ ಗಣಿತದಲ್ಲಿಯೂ ಅದೇ ಗೌರವ ಸಂದಿತು. ಗಣಿತದ ಖಚಿತತೆಯೂ ಸಂಸ್ಕೃತ ಶಾಸ್ತ್ರಗಳ ಸೂತ್ರಶೈಲಿಯೂ ಒಬ್ಬನೇ ವಿದ್ಯಾರ್ಥಿಯಲ್ಲಿ ಹೀಗೆ ಕೂಡಿಬಂದುದರ ಫಲವನ್ನು ಮುಂದೆ ನಾಡೇ ಉಂಡಿತು. ಇಂಗ್ಲೆಂಡಿಗೆ ತೆರಳಿ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಓದಿದರು. ಜವಾಹರಲಾಲ ನೆಹರೂ ಅವರೂ ಅದೇ ಕಾಲದಲ್ಲಿ ಆ ಕಾಲೇಜಿನ ವಿದ್ಯಾರ್ಥಿಯಾಗಿದ್ದರು. 1909ರಲ್ಲಿ ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾದ ರಾಯರು ಸ್ವದೇಶಕ್ಕೆ ಮರಳಿ ಬಂಗಾಳದ ಸೇವೆಗೆ ನಿಯುಕ್ತರಾದರು.

ಆಡಳಿತ ಶಾಖೆಯಲ್ಲಿ ಕೆಲವು ಕಾಲ ದುಡಿದ ಮೇಲೆ ಅವರು ನ್ಯಾಯಶಾಖೆಯನ್ನು ಸೇರಿ, ಪೂರ್ವ ಬಂಗಾಳ ಮತ್ತು ಅಸ್ಸಾಮಿನ ಜಿಲ್ಲೆಗಳಲ್ಲಿ ನ್ಯಾಯಾಧೀಶರಾಗಿ ಕೆಲಸಮಾಡಿದರು. 1925ರಿಂದ ಅಸ್ಸಾಮ್ ಸರ್ಕಾರದ ಕಾನೂನು ಕಾರ್ಯಭಾರ ಅವರ ಹೆಗಲಿಗೆ ಬಂದಿತು. ಪ್ರಾಂತ್ಯದ ಶಾಸನಸಭೆಯ ಕಾರ್ಯದರ್ಶಿಗಳೂ ಅವರೇ ಆದರು. ಹೀಗೆ ಕಾನೂನನ್ನು ಅನ್ವಯಿಸುವ ಸ್ಥಾನವನ್ನೂ ಅದು ಹುಟ್ಟುವ ಸ್ಥಾನವನ್ನೂ ಅವರು ಒಳಗಿನಿಂದಲೇ ಕಂಡರು. ನ್ಯಾಯಾಧೀಶನ ಮುಂದೆ ನಿಲ್ಲುವವರು ವಾದಿ ಮತ್ತು ಪ್ರತಿವಾದಿ ಇಬ್ಬರೇ. ಶಾಸನಸಭೆಯ ಮುಂದೆ ನಿಲ್ಲುವುದು ಸಮಸ್ತ ಜನ, ಅಲ್ಲಿಗೆ ಬರಲಾರದ ದೀನರೂ ಸೇರಿದಂತೆ. ಈ ಭೇದವನ್ನು ಬಲ್ಲವರಿಗೆ ಮಾತ್ರ ಎರಡರ ಮೇರೆಯೂ ತಿಳಿಯುತ್ತದೆ.

1935ರ ಭಾರತ ಸರ್ಕಾರದ ಕಾಯಿದೆಯ ಕರಡಿನ ಕೆಲಸದಲ್ಲಿ ಅವರು ನೆರವಾದರು. ಆ ಕಾಯಿದೆಗೆ ಹೊಂದುವಂತೆ ಅಂದಿನ ಕಾನೂನುಗಳನ್ನೆಲ್ಲ ಪರಿಷ್ಕರಿಸುವ ಭಾರವಾದ ಕಾರ್ಯವನ್ನೂ ನೆರವೇರಿಸಿದರು. 1938ರಲ್ಲಿ ಸರ್ ಪದವಿ ಬಂದಿತು. 1939ರಲ್ಲಿ ಕಲ್ಕತ್ತ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದರು. ಆದರೆ ಪೀಠದಲ್ಲಿ ನೆಮ್ಮದಿಯಾಗಿ ಕುಳಿತುಕೊಳ್ಳಲು ಸರ್ಕಾರ ಅವರನ್ನು ಬಿಡಲಿಲ್ಲ. ಸಿಂಧೂನದಿಯ ನೀರಿನ ಬಗ್ಗೆ ಸಿಂಧ್ ಪ್ರಾಂತ್ಯ ಪಂಜಾಬಿನ ವಿರುದ್ಧ ಸಲ್ಲಿಸಿದ ದೂರನ್ನು ವಿಚಾರಿಸುವ ಆಯೋಗಕ್ಕೆ ಅವರೇ ಅಧ್ಯಕ್ಷರಾದರು. 1941ರಲ್ಲಿ ಹಿಂದೂ ನ್ಯಾಯ ಸಮಿತಿಯ ಅಧ್ಯಕ್ಷತೆಯೂ ಅವರ ಪಾಲಿಗೆ ಬಂದಿತು. ರಾವ್ ಸಮಿತಿಯೆಂದೇ ಅದು ಪ್ರಸಿದ್ಧ.

ಈ ಸಮಿತಿಯ ಕೆಲಸ ಕನ್ನಡ ನಾಡಿನ ಪುರಾತನ ವಿದ್ವತ್ತಿಗೆ ನೇರವಾಗಿ ಸಂಬಂಧಿಸಿದುದು. ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ರಚಿಸಿದನು. ಅದು ಹೆಸರಿಗೆ ವ್ಯಾಖ್ಯಾನವೇ ಸರಿ. ಆದರೆ ಕಾಲಕ್ರಮದಲ್ಲಿ ಬಂಗಾಳ, ಅಸ್ಸಾಮುಗಳನ್ನುಳಿದು ಭಾರತದ ಬಹುಭಾಗದಲ್ಲಿ ದಾಯಭಾಗದ ವಿಷಯದಲ್ಲಿ ಮೂಲ ಸ್ಮೃತಿಗಿಂತಲೂ ಅದೇ ಪ್ರಬಲವಾದ ಪ್ರಮಾಣವಾಗಿ ನಿಂತಿತು. ವ್ಯಾಖ್ಯಾನಕಾರನು ಮೂಲವನ್ನು ವಿವರಿಸುತ್ತ ವಿವರಿಸುತ್ತಲೇ ಶಾಸನಕಾರನಾಗಿಬಿಡಬಲ್ಲನೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಬ್ರಿಟಿಷರ ಕಾಲದಲ್ಲಿ ಈ ವ್ಯಾಖ್ಯಾನಗಳ ಮೇಲೆ ನ್ಯಾಯಾಲಯಗಳ ತೀರ್ಪುಗಳು ಬೆಳೆದವು. ತೀರ್ಪುಗಳ ಮೇಲೆ ಬಿಡಿ ಬಿಡಿಯಾದ ಕಾಯಿದೆಗಳು ಬಂದವು. ಹೀಗಾಗಿ ಹೆಣ್ಣುಮಕ್ಕಳ ಆಸ್ತಿಹಕ್ಕಿನಂಥ ವಿಷಯವೂ ತೊಡಕಿನ ಗಂಟಾಯಿತು. ತೇಪೆ ಹಾಕುವುದರಿಂದ ಪ್ರಯೋಜನವಿಲ್ಲ, ಚುನಾಯಿತ ಶಾಸನಸಭೆಯೇ ಸಮಗ್ರವಾದ ಸಂಹಿತೆಯನ್ನು ರಚಿಸಬೇಕೆಂದು ರಾಯರ ಸಮಿತಿ ಸಲಹೆಮಾಡಿತು. ಆ ಬೀಜ ಫಲಿಸಿದುದು ಅವರ ಕಾಲಾನಂತರ, 1955 ಮತ್ತು 1956ರ ಹಿಂದೂ ಕಾಯಿದೆಗಳ ರೂಪದಲ್ಲಿ.

1944ರಲ್ಲಿ ಸೇವೆಯಿಂದ ನಿವೃತ್ತರಾಗಿ, ಜಮ್ಮು ಮತ್ತು ಕಾಶ್ಮೀರ ಸಂಸ್ಥಾನದ ಪ್ರಧಾನಮಂತ್ರಿಗಳಾಗಿ ಹೋದ ರಾಯರು ಮಹಾರಾಜರೊಡನೆ ಅಭಿಪ್ರಾಯಭೇದ ಉಂಟಾಗಲು 1945ರಲ್ಲಿ ಆ ಪದವಿಯನ್ನು ತ್ಯಜಿಸಿದರು. 1946ರ ಜುಲೈ ತಿಂಗಳಲ್ಲಿ ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿ ನೇಮಕಗೊಂಡರು. ಆ ಮಹಾಕಾರ್ಯಕ್ಕೆ ಅವರು ಸಂಬಳವನ್ನು ಸ್ವೀಕರಿಸಲಿಲ್ಲ. ಫಲದ ಲೆಕ್ಕವಿಡದೆ ಸಮಾಜಕ್ಕೆ ಸಲ್ಲಿಸುವ ಇಂಥ ದುಡಿಮೆಗೆ ಶರಣರ ಪರಂಪರೆಯಲ್ಲಿ ದಾಸೋಹವೆಂಬ ಹೆಸರುಂಟು. ನಾನಾ ದೇಶಗಳ ಸಂವಿಧಾನಗಳನ್ನು ಸಂಗ್ರಹಿಸಿ, ತುಲನೆಮಾಡಿ, ಸದಸ್ಯರ ಕೈಗೆ ಟಿಪ್ಪಣಿಗಳನ್ನೊದಗಿಸಿ, 1947ರ ಅಕ್ಟೋಬರ್ ಹೊತ್ತಿಗೆ 243 ಅನುಚ್ಛೇದಗಳೂ 13 ಅನುಸೂಚಿಗಳೂ ಉಳ್ಳ ಕರಡನ್ನು ಅವರು ಸಿದ್ಧಪಡಿಸಿದರು. ಡಾ. ಅಂಬೇಡ್ಕರರ ಅಧ್ಯಕ್ಷತೆಯ ಕರಡು ಸಮಿತಿ ಅದನ್ನೇ ಆಧಾರವಾಗಿ ಕೈಗೆತ್ತಿಕೊಂಡಿತು.

ಇಲ್ಲಿಯೇ ನ್ಯಾಯಾಂಗದ ಮೇರೆಯ ಪ್ರಶ್ನೆ ಎದ್ದುನಿಂತಿತು. ಕಾನೂನಿನ ಯುಕ್ತ ಪ್ರಕ್ರಿಯೆಯಿಲ್ಲದೆ ಯಾರ ಜೀವವನ್ನೂ ಸ್ವಾತಂತ್ರ್ಯವನ್ನೂ ಅಪಹರಿಸಕೂಡದೆಂಬ ಸೂತ್ರವನ್ನು 1947ರ ಏಪ್ರಿಲ್‌ನಲ್ಲಿ ರಚನಾ ಸಭೆ ಅಂಗೀಕರಿಸಿತ್ತು. ಅಮೆರಿಕದ ಸಂವಿಧಾನದಿಂದ ಬಂದ ಈ ಸೂತ್ರವನ್ನು ಇಂಗ್ಲಿಷಿನಲ್ಲಿ ಡ್ಯೂ ಪ್ರೊಸೆಸ್ ಎನ್ನುತ್ತಾರೆ. ಕೇಳುವುದಕ್ಕೆ ಇದಕ್ಕಿಂತ ನಿರ್ದುಷ್ಟವಾದ ಮಾತು ಮತ್ತೊಂದಿಲ್ಲ. ಆದರೆ ಯುಕ್ತವಾದುದು ಯಾವುದು, ಅದನ್ನು ನಿರ್ಣಯಿಸುವವರಾರು ಎಂಬುದೇ ಪ್ರಶ್ನೆ. ಅಮೆರಿಕದಲ್ಲಿ ಆ ನಿರ್ಣಯ ನ್ಯಾಯಾಧೀಶರ ಕೈಸೇರಿತು. ನ್ಯೂಯಾರ್ಕ್ ರಾಜ್ಯವು ರೊಟ್ಟಿ ಸುಡುವ ಭಟ್ಟಿಗಳ ಕೆಲಸಗಾರರನ್ನು ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆಗಿಂತ ಹೆಚ್ಚು ದುಡಿಸಕೂಡದೆಂದು ಕಾನೂನು ಮಾಡಿತ್ತು. 1905ರಲ್ಲಿ ಲಾಕ್‌ನರ್ ಮೊಕದ್ದಮೆಯಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳು, ಉಳಿದ ನಾಲ್ವರ ಅಸಮ್ಮತಿಯನ್ನು ಮೀರಿ, ಆ ಕಾನೂನನ್ನು ಅಸಿಂಧುಗೊಳಿಸಿದರು. ಕರಾರು ಮಾಡಿಕೊಳ್ಳುವ ಸ್ವಾತಂತ್ರ್ಯಕ್ಕೆ ಅದು ಭಂಗವಂತೆ! 1923ರಲ್ಲಿ ಹೆಂಗಸರ ಕನಿಷ್ಠ ವೇತನದ ಕಾನೂನಿಗೂ ಅದೇ ಗತಿಯಾಯಿತು. ಹೊಟ್ಟೆಗಿಲ್ಲದವನ ಸ್ವಾತಂತ್ರ್ಯವೆಂಬ ಹೆಸರಿನಲ್ಲಿ ಹೊಟ್ಟೆ ತುಂಬಿದವನ ಸ್ವಾತಂತ್ರ್ಯ ರಕ್ಷಿತವಾಯಿತು. 1937ರಲ್ಲಿ ಅಧ್ಯಕ್ಷ ರೂಸ್ವೆಲ್ಟರು ನ್ಯಾಯಾಲಯಕ್ಕೆ ಹೊಸ ನ್ಯಾಯಮೂರ್ತಿಗಳನ್ನು ಸೇರಿಸುವೆನೆಂದು ಹೊರಟರು. ಆ ಯೋಜನೆ ಸಿದ್ಧಿಸಲಿಲ್ಲ. ಆದರೆ ಅದೇ ವರ್ಷ ನ್ಯಾಯಾಲಯವೂ ಕನಿಷ್ಠ ವೇತನದ ಕಾನೂನನ್ನು ಎತ್ತಿಹಿಡಿದು ತನ್ನ ಹಳೆಯ ಹಾದಿಯನ್ನು ಬಿಟ್ಟಿತು.

ಈ ಇತಿಹಾಸವನ್ನು ಚೆನ್ನಾಗಿ ಬಲ್ಲ ನರಸಿಂಗರಾಯರು ತಮ್ಮ ಟಿಪ್ಪಣಿಗಳಲ್ಲಿ ಮೊದಲೇ ಎಚ್ಚರಿಕೆ ಕೊಟ್ಟಿದ್ದರು. ಜಮೀನ್ದಾರಿ ಪದ್ಧತಿಯನ್ನು ಅಳಿಸಿ, ಗೇಣಿದಾರನಿಗೆ ನೆಲ, ಕೂಲಿಕಾರನಿಗೆ ಕೂಲಿ ದೊರಕಿಸಬೇಕಾದ ಹೊಸ ರಾಷ್ಟ್ರದಲ್ಲಿ ಪ್ರತಿಯೊಂದು ಸುಧಾರಣೆಯೂ ನ್ಯಾಯಾಲಯದ ಬಾಗಿಲಲ್ಲಿ ತಡೆಯಲ್ಪಟ್ಟರೆ ಗತಿಯೇನು? ಗೋವಿಂದವಲ್ಲಭ ಪಂತರೂ ಇದೇ ಆತಂಕವನ್ನು ಮುಂದಿಟ್ಟರು. ಅದರ ಪರಿಣಾಮವಾಗಿ ಆಸ್ತಿಯೆಂಬ ಪದವನ್ನು ಆ ಸೂತ್ರದಿಂದ ಮೊದಲೇ ಕೈಬಿಡಲಾಗಿತ್ತು.

1947ರ ಕೊನೆಯ ತಿಂಗಳುಗಳಲ್ಲಿ ರಾಯರು ಅಮೆರಿಕ, ಕೆನಡಾ, ಐರ್ಲೆಂಡ್, ಇಂಗ್ಲೆಂಡುಗಳಲ್ಲಿ ಸಂಚರಿಸಿ ಅಲ್ಲಿಯ ರಾಜನೀತಿಜ್ಞರನ್ನೂ ನ್ಯಾಯವೇತ್ತರನ್ನೂ ಕಂಡರು. ವಾಷಿಂಗ್ಟನ್ನಿನಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರರನ್ನು ಭೇಟಿಯಾದರು. ಅವರ ಅಭಿಪ್ರಾಯ ನಿಸ್ಸಂದಿಗ್ಧವಾಗಿತ್ತು. ಆ ಸೂತ್ರದಲ್ಲಿ ಅಡಗಿರುವ ಅಧಿಕಾರವು ಪ್ರಜಾಪ್ರಭುತ್ವಕ್ಕೆ ಒಗ್ಗುವಂಥದಲ್ಲ. ಜನಪ್ರತಿನಿಧಿಗಳು ಮಾಡಿದ ಕಾನೂನನ್ನು ಕೆಲವೇ ಮಂದಿ ನ್ಯಾಯಾಧೀಶರು ತಳ್ಳಿಹಾಕುವಂತಾಗುತ್ತದೆ. ಅದಲ್ಲದೆ ನ್ಯಾಯಾಂಗದ ಮೇಲೆ ಅದು ಹೊರಲಾರದ ಹೊರೆಯನ್ನು ಹೊರಿಸುತ್ತದೆ ಎಂಬುದು ಅವರ ಮಾತಿನ ಸಾರ. ಆ ಅಧಿಕಾರವನ್ನು ಸ್ವತಃ ಕೈಯಲ್ಲಿ ಹಿಡಿದಿದ್ದವರೇ ಹೀಗೆ ಹೇಳಿದುದು ರಾಯರಿಗೆ ದೃಢವಾದ ಪ್ರಮಾಣವಾಯಿತು. ಅವರು ಹಿಂದಿರುಗಿ ಬಂದ ಮೇಲೆ ಕರಡು ಸಮಿತಿ ಆ ಪದಗಳನ್ನು ತೆಗೆದು, 1946ರ ಜಪಾನಿನ ಸಂವಿಧಾನದ 31ನೆಯ ಅನುಚ್ಛೇದದ ಮಾದರಿಯಲ್ಲಿ, ಕಾನೂನಿನಿಂದ ಸ್ಥಾಪಿತವಾದ ಕಾರ್ಯವಿಧಾನ ಎಂಬ ಪದಗಳನ್ನು ಇರಿಸಿತು. ಇದರ ತಾತ್ಪರ್ಯವಿಷ್ಟೆ: ಶಾಸನಸಭೆ ವಿಧಿಸಿದ ಕ್ರಮ ಪಾಲನೆಯಾಗಿದೆಯೇ ಎಂಬುದನ್ನು ನ್ಯಾಯಾಧೀಶನು ನೋಡಬಹುದು, ಆ ಕ್ರಮವೇ ಒಳ್ಳೆಯದೋ ಕೆಟ್ಟದೋ ಎಂಬುದನ್ನು ನೋಡಲಾಗದು.

ಸಭೆಯಲ್ಲಿ ಇದಕ್ಕೆ ಪ್ರತಿರೋಧ ಬಾರದೆ ಇರಲಿಲ್ಲ. 1948ರ ಡಿಸೆಂಬರ್ 6 ಮತ್ತು 13ರಂದು ಚರ್ಚೆ ನಡೆಯಿತು. ಪಂಡಿತ ಠಾಕೂರದಾಸ ಭಾರ್ಗವ, ಕನ್ಹಯ್ಯಾಲಾಲ್ ಮುನ್ಷಿ ಮೊದಲಾದವರು ಹಳೆಯ ಪದಗಳೇ ಬೇಕೆಂದು ವಾದಿಸಿದರು. ವಿಚಾರಣೆಯಿಲ್ಲದೆ ಸೆರೆಮನೆ ಕಂಡಿದ್ದ ದೇಶಭಕ್ತರು ತುಂಬಿದ್ದ ಸಭೆಗೆ ಈ ಭೀತಿ ಕೇವಲ ತರ್ಕದ ಮಾತಾಗಿರಲಿಲ್ಲ. ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರರು ಹೊಸ ಪದಗಳನ್ನು ಸಮರ್ಥಿಸಿದರು. ಡಾ. ಅಂಬೇಡ್ಕರರು ಎರಡು ಕಡೆಯ ಅಪಾಯಗಳನ್ನೂ ತೂಗಿ ತೋರಿಸಿದರು. ಪಕ್ಷಕಟ್ಟಿಗೆ ಒಳಪಟ್ಟ ಶಾಸನಸಭೆ ಪ್ರಜೆಗಳ ಹಕ್ಕನ್ನು ತುಳಿಯದೆಂಬ ಭರವಸೆಯಿಲ್ಲ. ಐದಾರು ಮಂದಿ ನ್ಯಾಯಾಧೀಶರು ತಮ್ಮ ಒಲವುಗಳಿಗೆ ಎಡೆಕೊಡದೆ ಕಾನೂನಿನ ಒಳ್ಳಿತು ಕೆಡುಕನ್ನು ನಿರ್ಣಯಿಸುವರೆಂಬ ಭರವಸೆಯೂ ಇಲ್ಲ. ಎರಡರಲ್ಲಿ ಯಾವುದನ್ನು ಆರಿಸುವುದೆಂಬ ಭಾರವನ್ನು ಅವರು ಸಭೆಗೇ ಬಿಟ್ಟರು. ತಿದ್ದುಪಡಿಗಳು ಸೋತವು, ಕರಡಿನ ಮಾತು ನಿಂತಿತು. 1949ರ ಸೆಪ್ಟೆಂಬರ್‌ನಲ್ಲಿ ಅಂಬೇಡ್ಕರರು, ಹೋದುದಕ್ಕೆ ಪರಿಹಾರವೆಂಬಂತೆ, ಬಂಧಿತರಿಗೆ ಕೆಲವು ರಕ್ಷಣೆಗಳನ್ನು ಕೊಡುವ ಹೊಸ ಅನುಚ್ಛೇದವನ್ನು ತಂದರು. ಅದೇ ಇಂದಿನ 22ನೆಯ ಅನುಚ್ಛೇದ.

ರಾಯರ ಮತ್ತೊಂದು ಸಲಹೆಯೂ ಇಲ್ಲಿ ಸ್ಮರಣೀಯ. ನ್ಯಾಯಾಲಯದಲ್ಲಿ ಸಾಧಿಸಿಕೊಳ್ಳಬಹುದಾದ ಹಕ್ಕುಗಳು ಮತ್ತು ಹಾಗೆ ಸಾಧಿಸಲಾಗದಿದ್ದರೂ ಸರ್ಕಾರಕ್ಕೆ ದಾರಿತೋರುವ ನಿರ್ದೇಶಕ ತತ್ತ್ವಗಳು ಎಂಬ ವಿಭಾಗವನ್ನು ಐರ್ಲೆಂಡಿನ ಸಂವಿಧಾನವನ್ನು ಕಂಡು ಅವರು ಸೂಚಿಸಿದ್ದರು. ನಿರ್ದೇಶಕ ತತ್ತ್ವಗಳನ್ನು ನೆರವೇರಿಸಲು ಮಾಡಿದ ಕಾನೂನು ಮೂಲಭೂತ ಹಕ್ಕಿಗೆ ವಿರುದ್ಧವೆಂಬ ಒಂದೇ ಕಾರಣಕ್ಕೆ ಅಸಿಂಧುವಾಗಬಾರದೆಂದೂ ಬಯಸಿದ್ದರು. ಈ ಎರಡನೆಯ ಮಾತನ್ನು ಕರಡು ಸಮಿತಿ ಒಪ್ಪಲಿಲ್ಲ. ಹಾಗೆಂದು ಅವರು ನ್ಯಾಯಾಂಗವನ್ನು ದುರ್ಬಲಗೊಳಿಸಹೊರಟವರೆಂದು ತಿಳಿಯಬಾರದು. ಹಕ್ಕಿಗೆ ವಿರುದ್ಧವಾದ ಕಾನೂನನ್ನು ಅಸಿಂಧುವೆಂದು ಸಾರುವ ಅಧಿಕಾರವೂ, ಹಕ್ಕು ಹೋದ ಪ್ರಜೆ ನೇರವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗುವ ಮಾರ್ಗವೂ ಅದೇ ಸಂವಿಧಾನದಲ್ಲಿ ಉಳಿದವು. ಸಂವಿಧಾನವು ಸ್ಪಷ್ಟವಾಗಿ ಬರೆದುದನ್ನು ನ್ಯಾಯಾಧೀಶನು ಕಾಯಬೇಕು, ಬರೆಯದಿದ್ದುದನ್ನು ತನ್ನ ಮನೋಧರ್ಮದಿಂದ ತುಂಬಬಾರದು ಎಂಬುದಷ್ಟೇ ಅವರ ಪಕ್ಷ.

1949ರ ನವೆಂಬರ್‌ನಲ್ಲಿ ಸಂವಿಧಾನ ಅಂಗೀಕೃತವಾದಾಗ ಡಾ. ಅಂಬೇಡ್ಕರರೂ ಬಾಬು ರಾಜೇಂದ್ರಪ್ರಸಾದರೂ ಸಭೆಯಲ್ಲಿ ರಾಯರ ಋಣವನ್ನು ಸ್ಮರಿಸಿದರು. ಅಷ್ಟರಲ್ಲಿ ಅವರು ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಗಳಾಗಿದ್ದರು. 1950ರ ಜೂನ್‌ನಲ್ಲಿ ಕೊರಿಯಾದ ಯುದ್ಧ ಸಿಡಿದಾಗ ಭದ್ರತಾ ಸಮಿತಿಯ ಅಧ್ಯಕ್ಷಪೀಠದಲ್ಲಿದ್ದವರು ಅವರೇ. 1952ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಮೂರ್ತಿಗಳಾದರು. ಆದರೆ ದೇಹ ಬಹುಕಾಲ ಸಹಕರಿಸಲಿಲ್ಲ. 1953ರ ನವೆಂಬರ್ 30ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ, ತಮ್ಮ 66ನೆಯ ವಯಸ್ಸಿನಲ್ಲಿ, ಕೀರ್ತಿಶೇಷರಾದರು.

ಅವರು ಎಳೆದ ಗೆರೆಗೆ ಪರೀಕ್ಷೆ ಒದಗಿದುದು ಅವರ ಜೀವಿತಕಾಲದಲ್ಲಿಯೇ. ಕಮ್ಯೂನಿಸ್ಟ್ ನಾಯಕ ಎ. ಕೆ. ಗೋಪಾಲನ್ ಅವರನ್ನು ವಿಚಾರಣೆಯಿಲ್ಲದೆ ಬಂಧನದಲ್ಲಿರಿಸಿದ್ದ ಕಾನೂನನ್ನು 1950ರಲ್ಲಿ ಸರ್ವೋಚ್ಚ ನ್ಯಾಯಾಲಯ ಪರಿಶೀಲಿಸಿತು. ಬಂಧನದ ಕಾರಣವನ್ನು ನ್ಯಾಯಾಲಯಕ್ಕೂ ತಿಳಿಸಕೂಡದೆಂಬ ಒಂದು ವಿಧಿಯನ್ನು ಮಾತ್ರ ತಳ್ಳಿಹಾಕಿ, ಉಳಿದ ಕಾನೂನಿನ ಯುಕ್ತಾಯುಕ್ತತೆಯನ್ನು ನೋಡುವುದು ತನ್ನ ಕೆಲಸವಲ್ಲವೆಂದು ಬಹುಮತದಿಂದ ತೀರ್ಪಿತ್ತಿತು. ನ್ಯಾಯಮೂರ್ತಿ ಫಜಲ್ ಅಲಿ ಅವರು ಭಿನ್ನಮತವನ್ನು ದಾಖಲಿಸಿದರು. ಇತ್ತ 1951ರಲ್ಲಿ ಪಟ್ನಾ ಉಚ್ಚ ನ್ಯಾಯಾಲಯ ಬಿಹಾರದ ಭೂಸುಧಾರಣಾ ಕಾಯಿದೆಯನ್ನು ಅಸಿಂಧುಗೊಳಿಸಿದಾಗ, ರಾಯರ ಭೀತಿ ಕಲ್ಪಿತವಲ್ಲವೆಂಬುದು ಸಿದ್ಧವಾಯಿತು. ಆ ವರ್ಷವೇ ಸಂವಿಧಾನಕ್ಕೆ ಮೊದಲನೆಯ ತಿದ್ದುಪಡಿ ಬಂದಿತು. 1971ರ 25ನೆಯ ತಿದ್ದುಪಡಿಯಂತೂ ಅವರು ಅಂದು ಸೂಚಿಸಿ ತಿರಸ್ಕೃತವಾಗಿದ್ದ ಸಲಹೆಯನ್ನು ಹೋಲುವ ವಿಧಿಯನ್ನೇ ಸಂವಿಧಾನಕ್ಕೆ ಸೇರಿಸಿತು.

ಆದರೆ ಗೆರೆಯ ಇನ್ನೊಂದು ಬದಿಯ ಕತ್ತಲೆಯೂ ಕಾಣದೆ ಹೋಗಲಿಲ್ಲ. ತುರ್ತುಪರಿಸ್ಥಿತಿಯ ಕಾಲದಲ್ಲಿ ಬಂಧಿತರ ಅರ್ಜಿಗಳನ್ನು ವಿಚಾರಿಸಬಹುದೆಂದು ಕರ್ನಾಟಕದ ಉಚ್ಚ ನ್ಯಾಯಾಲಯವೂ ಸೇರಿದಂತೆ ಹಲವು ಉಚ್ಚ ನ್ಯಾಯಾಲಯಗಳು ಹೇಳಿದ್ದವು. 1976ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯವು ಒಬ್ಬರ ವಿರುದ್ಧ ನಾಲ್ವರ ಮತದಿಂದ ಆ ಬಾಗಿಲನ್ನು ಮುಚ್ಚಿತು. ಆ ಒಬ್ಬರು ನ್ಯಾಯಮೂರ್ತಿ ಹಂಸರಾಜ ಖನ್ನಾ. ಮರುವರ್ಷ ಮುಖ್ಯ ನ್ಯಾಯಮೂರ್ತಿಯ ಸ್ಥಾನ ಅವರ ಕೈತಪ್ಪಿತು. ಸಂಯಮವೆಂಬುದು ಎಲ್ಲಿ ಶರಣಾಗತಿಯಾಗಿ ಪರಿಣಮಿಸುತ್ತದೆಂಬುದನ್ನು ಆ ತೀರ್ಪು ತೋರಿಸಿತು. ರಾಯರಿಗೆ ಉಪದೇಶ ನೀಡಿದ ಫ್ರಾಂಕ್‌ಫರ್ಟರರೂ ಇಂಥ ದೋಷದಿಂದ ಮುಕ್ತರಲ್ಲ. ಧಾರ್ಮಿಕ ನಂಬಿಕೆಯ ಕಾರಣ ಧ್ವಜವಂದನೆ ಮಾಡದ ಶಾಲಾಮಕ್ಕಳನ್ನು ಹೊರಹಾಕಿದುದನ್ನು 1940ರಲ್ಲಿ ಅವರು ಎತ್ತಿಹಿಡಿದಿದ್ದರು. ಮೂರೇ ವರ್ಷಗಳಲ್ಲಿ ಅವರ ನ್ಯಾಯಾಲಯವೇ ಅದನ್ನು ತಿರುಗಿಸಿತು.

1978ರ ಜನವರಿ 25ರಂದು, ಮೇನಕಾ ಗಾಂಧಿಯವರ ಪಾಸ್‌ಪೋರ್ಟಿನ ಮೊಕದ್ದಮೆಯಲ್ಲಿ, ಕಾರ್ಯವಿಧಾನವೆಂದರೆ ನ್ಯಾಯಯುತವೂ ಯುಕ್ತವೂ ಆದ ಕಾರ್ಯವಿಧಾನವೇ ಆಗಿರಬೇಕೆಂದು ಸರ್ವೋಚ್ಚ ನ್ಯಾಯಾಲಯ ಸಾರಿತು. ರಾಯರು ಮುಂಬಾಗಿಲಿನಿಂದ ಹೊರಕಳಿಸಿದ್ದ ಅರ್ಥ ವ್ಯಾಖ್ಯಾನದ ಹಿತ್ತಿಲ ಬಾಗಿಲಿನಿಂದ ಒಳಬಂದಿತು. ಅದಕ್ಕೂ ಮೊದಲೇ, 1973ರಲ್ಲಿ, ಹದಿಮೂವರು ನ್ಯಾಯಮೂರ್ತಿಗಳ ಪೀಠ ಸಂಸತ್ತಿನ ತಿದ್ದುಪಡಿಯ ಅಧಿಕಾರಕ್ಕೂ ಮೂಲ ಸ್ವರೂಪವೆಂಬ ಎಲ್ಲೆಯನ್ನು ಕಟ್ಟಿತ್ತು. ಆ ಮೊಕದ್ದಮೆಯ ಅರ್ಜಿದಾರರು ಕಾಸರಗೋಡಿನ ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು. ಕಾಸರಗೋಡು 1956ರವರೆಗೆ ರಾಯರ ಹುಟ್ಟು ಜಿಲ್ಲೆಯಾದ ದಕ್ಷಿಣ ಕನ್ನಡಕ್ಕೇ ಸೇರಿದ್ದ ನೆಲವೆಂಬುದು ಗಮನಾರ್ಹ. ನ್ಯಾಯಾಂಗದ ಮೇರೆಯನ್ನು ಗುರುತಿಸಿದವರೂ, ಆ ಮೇರೆ ಅತ್ಯಂತ ದೂರಕ್ಕೆ ಸರಿಯಲು ನಿಮಿತ್ತರಾದವರೂ ಒಂದೇ ಕಡಲತೀರದವರು. 2017ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಒಂಬತ್ತು ಮಂದಿಯ ಪೀಠ 1976ರ ಬಹುಮತದ ತೀರ್ಪನ್ನು ತಪ್ಪೆಂದು ಸಾರಿ ರದ್ದುಗೊಳಿಸಿತು.

ಹಾಗಾದರೆ ನರಸಿಂಗರಾಯರು ಸೋತರೆ? ಹಾಗೆನ್ನಲಾಗದು. ಹೊಲ, ಕೂಲಿ, ದಾಯಭಾಗಗಳಂಥ ವಿಷಯಗಳಲ್ಲಿ ಯಾವುದು ಲೋಕಹಿತವೆಂಬುದನ್ನು ಜನರಿಂದ ಆರಿಸಿಬಂದವರೇ ನಿರ್ಣಯಿಸಬೇಕೆಂಬ ಅವರ ಮಾತು ಇಂದಿಗೂ ಸತ್ಯ. ಆದರೆ ಸೆರೆಮನೆಯಲ್ಲಿರುವ ಒಂಟಿ ಮನುಷ್ಯನಿಗೆ ಶಾಸನಸಭೆಯಲ್ಲಿ ಮತವಿಲ್ಲ, ಬಹುಮತದ ಆಸರೆಯಿಲ್ಲ. ಅವನಿಗಿರುವುದು ನ್ಯಾಯಾಧೀಶನೊಬ್ಬನೇ. ಆಸ್ತಿಯ ವಿಷಯದಲ್ಲಿ ಹಿತಕರವಾದ ಔಷಧವನ್ನು ದೇಹದ ಸ್ವಾತಂತ್ರ್ಯಕ್ಕೂ ಅದೇ ಪ್ರಮಾಣದಲ್ಲಿ ಕೊಟ್ಟುದು ಆ ಮಹಾವೈದ್ಯರ ಚಿಕಿತ್ಸೆಯಲ್ಲಿ ಉಳಿದ ಕುಂದು. ಈ ಕುಂದನ್ನು ತಿದ್ದಿದ ನ್ಯಾಯಾಲಯಕ್ಕೂ ಅವರ ಎಚ್ಚರಿಕೆ ಬೇಡವಾಗಿಲ್ಲ. ಕಲ್ಯಾಣದ ವ್ಯಾಖ್ಯಾನಕಾರನ ಮಾತು ಮೂಲಕ್ಕಿಂತ ಪ್ರಬಲವಾದಂತೆ, ನ್ಯಾಯಾಧೀಶನ ವ್ಯಾಖ್ಯಾನವೂ ಸಂವಿಧಾನಕ್ಕಿಂತ ದೊಡ್ಡದಾಗಿ ಬೆಳೆಯಬಲ್ಲುದು. ಮನುಷ್ಯನನ್ನು ಕಾಯುವುದಕ್ಕೆ ಬೆಳೆದರೆ ಅದು ಧರ್ಮ. ಜನರ ಬದಲಿಗೆ ತಾನೇ ಆಳುವುದಕ್ಕೆ ಬೆಳೆದರೆ ಅತಿಕ್ರಮ. ಎರಡರ ನಡುವಣ ಗೆರೆಯನ್ನು ಯಾವ ಅನುಚ್ಛೇದವೂ ಪೂರ್ಣವಾಗಿ ಬರೆದಿಡಲಾರದು. ಪೀಠದಲ್ಲಿ ಕುಳಿತವನು ಪ್ರತಿಯೊಂದು ಮೊಕದ್ದಮೆಯಲ್ಲಿಯೂ ಅದನ್ನು ಹೊಸದಾಗಿ ಕಂಡುಕೊಳ್ಳಬೇಕು.

ಶಾಲೆಯ ಗುರುವಿಗೂ, ಸಂಸ್ಥೆಯ ಧರ್ಮದರ್ಶಿಗೂ, ಊರಿನ ಪಂಚರಿಗೂ ಸಲ್ಲುವ ಪಾಠ ಇದರಲ್ಲಿದೆ. ತನಗೆ ಒಪ್ಪಿಸಿದ ಕೆಲಸವನ್ನು ನಿರ್ಭಯವಾಗಿ ಮಾಡುವುದು, ಒಪ್ಪಿಸದ ಕೆಲಸಕ್ಕೆ ಕೈಚಾಚದಿರುವುದು, ಆದರೆ ಆರ್ತನ ಕರೆ ಕಿವಿಗೆ ಬಿದ್ದಾಗ ಮೇರೆಯ ನೆಪ ಹೇಳಿ ಬಾಗಿಲು ಮುಚ್ಚದಿರುವುದು. ಮೊದಲಿನ ಎರಡನ್ನು ನರಸಿಂಗರಾಯರ ಜೀವಿತ ಕಲಿಸುತ್ತದೆ. ಮೂರನೆಯದನ್ನು ಅವರ ತರುವಾಯದ ಇತಿಹಾಸ ಕಲಿಸಿತು. ಮಂಗಳೂರಿನ ಶಾಲೆಯೊಂದರಲ್ಲಿ ಕಲಿತ ಬಾಲಕನು ಒಂದು ಮಹಾರಾಷ್ಟ್ರದ ಸಂವಿಧಾನಕ್ಕೆ ಮೊದಲ ರೂಪವನ್ನಿತ್ತು, ಅದಕ್ಕಾಗಿ ಸಂಬಳವನ್ನೂ ಬಯಸದೆ, ತನ್ನ ವೃತ್ತಿಗೇ ಎಲ್ಲೆಯನ್ನು ಗುರುತಿಸಿ ಹೋದನೆಂಬ ಸಂಗತಿ ವಿದ್ಯಾಸಂಸ್ಥೆಗಳ ಮಕ್ಕಳಿಗೆ ಎಂದೆಂದಿಗೂ ಸ್ಫೂರ್ತಿದಾಯಕವಾದುದು.